ನಮ್ಮೋರ ರೆಕಾರ್ಡು ಅಂತ ಕೊಳ್ಳಬೇಕಾ?

2004ರಲ್ಲಿ ಪೈ ರೆಕಾರ್ಡಿಂಗ್ಸ್ ಅನ್ನೋ ನ್ಯೂಯಾರ್ಕಿನ ಸಣ್ಣ ಕಂಪನಿ ‘ಮದರ್ ಟಂಗ್’ ಅಂತ ಒಂದು ಜಾಜ್ ಸಿ.ಡಿ. ಹೊರತಂದಿತು. ಡಬ್ಬಿ ತಿರುಗಿಸಿ ಹಿಂದಿನ ಪಟ್ಟಿ ಓದಿದರೆ ಸಿಗೋ ಹೆಸರುಗಳು ಹೀಗಿವೆ: ಕನ್ನಡ, ಗುಜರಾತಿ, ತೆಲುಗು, ಕೊಂಕಣಿ, ತಮಿಳು, ಮಲಯಾಳಂ. ಇವು ಹಾಡಿನ ಭಾಷೆಗಳಲ್ಲ, ಹಾಡುಗಳ ಹೆಸರುಗಳೇ. ಹಾಡು ಅನ್ನೋದೂ ಪೂರ್ತಿ ಸರಿಯಲ್ಲ, ಯಾಕೆಂದರೆ ಇದರಲ್ಲಿ ಯಾರೂ ಹಾಡೋದಿಲ್ಲ. ಒಂದು ಆಲ್ಟೋ ಸ್ಯಾಕ್ಸೊಫೋನ್, ಒಂದು ಪಿಯಾನೊ, ಬಾಸ್, ಡ್ರಮ್ಸ್. ಅಷ್ಟೇ.

ಈಗ ನೀವು ಡ್ಯಾಲಸ್ಸಿನ ಯಾವುದೋ ಹಳೇ ಪುಸ್ತಕದಂಗಡಿಯಲ್ಲಿ ಶನಿವಾರ ಮಧ್ಯಾಹ್ನ ಸಿ.ಡಿ. ಸಾಲು ತಡವುತ್ತಾ ನಿಂತಿದ್ದೀರಿ ಅಂದ್ಕೊಳ್ಳಿ. ಮಗಳ ಡ್ಯಾನ್ಸ್ ಕ್ಲಾಸು ಮುಗಿಯೋಕೆ ಇನ್ನೂ ಮುಕ್ಕಾಲು ಗಂಟೆ ಇದೆ. ಈ ಡಬ್ಬಿ ಕೈಗೆ ಸಿಕ್ಕಿತು. ಬೆಲೆ ಐದಾರು ಡಾಲರ್. ಹಿಂದೆ ‘ಕನ್ನಡ’ ಅಂತ ಕಂಡ ತಕ್ಷಣ ಕೈ ತಾನಾಗಿಯೇ ಜೇಬಿಗೆ ಹೋಗುತ್ತೆ. ಹೋಗಬೇಕಾ? ‘ನಮ್ಮೋರು’ ಅನ್ನೋದು ರೆಕಾರ್ಡು ಕೊಳ್ಳೋಕೆ ಒಂದು ಕಾರಣ ಆಗುತ್ತಾ?

ನನ್ನ ಉತ್ತರ: ಪೆಟ್ಟಿಗೆಯಿಂದ ಎತ್ತಿ ನೋಡೋಕೆ ಅದು ಒಳ್ಳೇ ಕಾರಣ. ಮನೆಯಲ್ಲಿ ಇಟ್ಟುಕೊಳ್ಳೋಕೆ ಸಾಲದು. ಇಟ್ಟುಕೊಳ್ಳಬೇಕಾ ಬೇಡವಾ ಅನ್ನೋದು ಮೂರನೇ ಸಲ ಕೇಳಿದಾಗ ಗೊತ್ತಾಗುತ್ತೆ. ಮೊದಲನೇ ಸಲ ಅಭಿಮಾನ ಕೇಳಿಸಿಕೊಳ್ಳುತ್ತೆ, ಎರಡನೇ ಸಲ ಕೊಟ್ಟ ದುಡ್ಡು ಕೇಳಿಸಿಕೊಳ್ಳುತ್ತೆ, ಮೂರನೇ ಸಲ ಮಾತ್ರ ಕಿವಿ.

ಈ ‘ನಮ್ಮೋರು’ ಕಾಯಿಲೆ ನಮಗೊಬ್ಬರಿಗೇ ಅಲ್ಲ, ಟೆಕ್ಸಸ್ಸಿನೋರಿಗೆ ನಮಗಿಂತ ಜಾಸ್ತಿ ಇದೆ. ಆಸ್ಟಿನ್ನಿನಲ್ಲಿ 1981ರಿಂದ ನಡೀತಾ ಬಂದಿರೋ ರೆಕಾರ್ಡ್ ಕನ್ವೆನ್ಷನ್ನಿಗೆ ಒಮ್ಮೆ ಹೋಗಿ ನೋಡಿ. ಸಾಲುಸಾಲು ಟೇಬಲ್ಲು, ಬಗ್ಗಿದ ಬೆನ್ನುಗಳು, ಜಾತ್ರೆಯಷ್ಟೇ ಜನ, ಜಾತ್ರೆಯಷ್ಟೇ ಚೌಕಾಸಿ. ಅಲ್ಲಿ ಕೆನಿ ಡಾರಮ್ಮಿನ ರೆಕಾರ್ಡು ಕೈಗೆತ್ತಿಕೊಂಡರೆ ಟೇಬಲ್ಲಿನ ಹಿಂದಿರೋ ಮನುಷ್ಯ ಖಂಡಿತಾ ಒಂದು ಮಾತು ಹೇಳ್ತಾನೆ: ಇವರು ನಮ್ಮ ಆಸ್ಟಿನ್ನಿನ ಆ್ಯಂಡರ್ಸನ್ ಹೈಸ್ಕೂಲಿನಲ್ಲಿ ಓದಿದವರು. ನಿಜ. ಪಿಯಾನೊದ ಟೆಡ್ಡಿ ವಿಲ್ಸನ್ 1912ರಲ್ಲಿ ಹುಟ್ಟಿದ್ದೂ ಆಸ್ಟಿನ್ನಿನಲ್ಲೇ. ಹ್ಯೂಸ್ಟನ್ನಿಗೆ ಹೋದರೆ ಜಾಜ್ ಕ್ರುಸೇಡರ್ಸ್, ಆರ್ನೆಟ್ ಕಾಬ್, ಈಗಿನೋರಲ್ಲಿ ಜೇಸನ್ ಮೊರಾನ್, ರಾಬರ್ಟ್ ಗ್ಲಾಸ್ಪರ್. ಡ್ಯಾಲಸ್ಸಿಗೆ ರೆಡ್ ಗಾರ್ಲೆಂಡ್, ಜೇಮ್ಸ್ ಕ್ಲೇ, ರಾಯ್ ಹಾರ್ಗ್ರೋವ್. ಪಕ್ಕದ ಫೋರ್ಟ್ ವರ್ತಿನ ಒಂದೇ ಹೈಸ್ಕೂಲಿನಿಂದ ಆರ್ನೆಟ್ ಕೋಲ್ಮನ್, ಡ್ಯೂಯಿ ರೆಡ್ಮನ್, ಜೂಲಿಯಸ್ ಹೆಂಫಿಲ್ ಮೂವರೂ ಬಂದರು. ಕಪ್ಪು ಮಕ್ಕಳಿಗೆ ಬೇರೆ ಶಾಲೆ ಅಂತಿದ್ದ ಕಾಲ ಅದು. ಆ ‘ಬೇರೆ’ ಶಾಲೆಯ ಬ್ಯಾಂಡಿನ ಕೋಣೆಯಿಂದಲೇ ಜಾಜ್‌ನ ದಿಕ್ಕು ಬದಲಾಯಿಸಿದವರು ಹೊರಟರು.

ಆದರೆ ಗಮನಿಸಿ, ಇವರಲ್ಲಿ ಬಹಳಷ್ಟು ಜನರ ಹೆಸರಾಂತ ರೆಕಾರ್ಡುಗಳು ಆಗಿದ್ದು ಟೆಕ್ಸಸ್ಸಿನಲ್ಲಲ್ಲ. 1960ರಲ್ಲಿ ಜೇಮ್ಸ್ ಕ್ಲೇ, ಡೇವಿಡ್ ‘ಫ್ಯಾಟ್‌ಹೆಡ್’ ನ್ಯೂಮನ್ ಸೇರಿ ರಿವರ್‌ಸೈಡ್ ಕಂಪನಿಗೆ ಒಂದು ಎಲ್‌ಪಿ ಮಾಡಿದರು. ಹೆಸರು ‘ದ ಸೌಂಡ್ ಆಫ್ ದ ವೈಡ್ ಓಪನ್ ಸ್ಪೇಸಸ್’, ಅದರ ಮುಂದೆ ನಾಲ್ಕು ಆಶ್ಚರ್ಯಸೂಚಕ ಚಿಹ್ನೆ. ವಿಶಾಲ ಬಯಲಿನ ಸದ್ದಂತೆ! ಧ್ವನಿಮುದ್ರಣ ಆಗಿದ್ದು ನ್ಯೂಯಾರ್ಕಿನ ನಾಲ್ಕು ಗೋಡೆಗಳ ನಡುವೆ. ಆರ್ನೆಟ್ ಕೋಲ್ಮನ್ನಿನ ‘ದ ಶೇಪ್ ಆಫ್ ಜಾಜ್ ಟು ಕಮ್’ 1959ರಲ್ಲಿ ಹಾಲಿವುಡ್‌ನಲ್ಲಿ ಆಯಿತು. ಹಾಗಾದರೆ ಟೆಕ್ಸಸ್ಸು ಅನ್ನೋದು ಬರೀ ಕವರ್ ಮೇಲಿನ ಜಂಬವಾ?

ಪೂರ್ತಿ ಅಲ್ಲ. ಕ್ಲೇ, ನ್ಯೂಮನ್ ಇಬ್ಬರನ್ನೂ ಕೇಳಿ. ಅದಕ್ಕಿಂತ ಮುಂಚೆ ಹ್ಯೂಸ್ಟನ್ನಿನ ಆರ್ನೆಟ್ ಕಾಬ್‌ರನ್ನು ಕೇಳಿ, ಪ್ರೆಸ್ಟೀಜ್‌ನಲ್ಲಿ ಬಂದ ‘ಪಾರ್ಟಿ ಟೈಮ್’ ಸಿಕ್ಕರೆ ಅದನ್ನೇ ಕೇಳಿ. ಅಗಲವಾದ, ಒರಟಾದ ದನಿ. ಬ್ಲೂಸ್ ಹಾಡುಗಾರ ಸ್ವರದ ತುದಿಯನ್ನು ಹೇಗೆ ಹಿಂಡುತ್ತಾನೋ ಹಾಗೆ ಹಿಂಡೋ ರೀತಿ. ಇದನ್ನೇ ‘ಟೆಕ್ಸಸ್ ಟೆನರ್’ ಅಂತಾರೆ. ಊರು ಇಲ್ಲಿ ಉಸಿರಿನಲ್ಲಿ ಕೇಳಿಸುತ್ತೆ. ಮದರ್ ಟಂಗ್ ಬಗ್ಗೆ ನಾವು ಕೇಳಬೇಕಾದ್ದೂ ಅದೇ: ಆ ‘ಕನ್ನಡ’ ಅನ್ನೋ ಟ್ರ್ಯಾಕಿನಲ್ಲಿ ಕನ್ನಡ ಎಲ್ಲಾದರೂ ಕೇಳಿಸುತ್ತಾ, ಇಲ್ಲಾ ಕವರ್ ಮೇಲೆ ಮಾತ್ರ ಇದೆಯಾ?

ಆ ಸ್ಯಾಕ್ಸೊಫೋನ್ ನುಡಿಸಿದವರು ರುದ್ರೇಶ್ ಮಹಾಂತಪ್ಪ. ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ, ಬೆಳೆದಿದ್ದು ಕೊಲರಾಡೊದ ಬೋಲ್ಡರ್‌ನಲ್ಲಿ. ಕರ್ನಾಟಕ ಮೂಲದ ಮನೆತನ, ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರೊಫೆಸರ್. ನಿಮ್ಮಲ್ಲಿ ಎಷ್ಟೋ ಜನರಿಗೆ ಈ ವಿವರ ನಿಮ್ಮ ಮನೆಯದೇ ಅನ್ನಿಸಬಹುದು. ಪಿಯಾನೊ ವಿಜಯ್ ಅಯ್ಯರ್, ತಮಿಳು ಮನೆತನದವರು, ಹುಟ್ಟಿ ಬೆಳೆದಿದ್ದು ನ್ಯೂಯಾರ್ಕ್ ರಾಜ್ಯದಲ್ಲಿ. ಬಾಸ್ ಫ್ರಾಂಸ್ವಾ ಮೂತಾಂ, ಡ್ರಮ್ಸ್ ಎಲಿಯಟ್ ಹಂಬರ್ಟೊ ಕವೀ.

ರುದ್ರೇಶ್ ಮಾಡಿದ ಕೆಲಸ ಇದು. ಅಮೆರಿಕದಲ್ಲಿ ನಮ್ಮಂಥೋರಿಗೆ ಒಂದು ಪ್ರಶ್ನೆ ಬರುತ್ತಲ್ಲ, ‘ನೀವು ಇಂಡಿಯನ್ ಮಾತಾಡ್ತೀರಾ?’, ಇನ್ನೂ ಮುದ್ದಾಗಿ ‘ಹಿಂದೂ ಮಾತಾಡ್ತೀರಾ?’ ಅಂತ. ಆ ಪ್ರಶ್ನೆಗೆ ಬೇರೆ ಬೇರೆ ಮನೆಮಾತಿನ ಭಾರತೀಯ ಅಮೆರಿಕನ್ನರಿಂದ ಅವರವರ ಭಾಷೆಯಲ್ಲೇ ಉತ್ತರ ಹೇಳಿಸಿದರು. ಆಮೇಲೆ ಆ ಮಾತಿನ ಏರಿಳಿತ, ಓಟ, ತಡೆ ಎಲ್ಲವನ್ನೂ ಸ್ವರವಾಗಿ ಬರೆದುಕೊಂಡು ರಚನೆ ಮಾಡಿದರು. ಅಂದರೆ ಇಲ್ಲಿ ಕನ್ನಡ ಇರೋದು ರಾಗವಾಗಿ ಅಲ್ಲ, ಜನಪದ ಮಟ್ಟಾಗಿ ಅಲ್ಲ, ಆಡುಮಾತಿನ ಗತಿಯಾಗಿ.

ನನಗೆ ಇದು ಬಹಳ ದೊಡ್ಡ ನಿರ್ಧಾರ ಅನ್ಸುತ್ತೆ. ಇಂಡಿಯಾದ ಸಂಗೀತಾನ ಜಾಜ್‌ಗೆ ಬೆರೆಸೋದು ಅಂದರೆ ಸಾಮಾನ್ಯವಾಗಿ ಏನಾಗುತ್ತೆ? ಹಿಂದೆ ತಂಬೂರಿ, ಪಕ್ಕದಲ್ಲಿ ತಬಲಾ, ಕವರ್ ಮೇಲೆ ಕಮಲದ ಹೂವು. ಇಲ್ಲಿ ಅದ್ಯಾವುದೂ ಇಲ್ಲ. ಮನೆಯಲ್ಲಿ ಅಮ್ಮ ಫೋನಿನಲ್ಲಿ ಮಾತಾಡೋ ಕನ್ನಡಾನ ಅರ್ಥ ಗೊತ್ತಿಲ್ಲದೇ ಬರೀ ದನಿಯಾಗಿ ಕೇಳಿಸಿಕೊಂಡು ಬೆಳೆದ ಮಗು ಇರುತ್ತಲ್ಲ, ಆ ಮಗುವಿನ ಕಿವಿಯಿಂದ ಹುಟ್ಟಬಹುದಾದ ಸಂಗೀತ ಇದು.

ಒಂದು ಪ್ರಯೋಗ ಮಾಡಿ. ‘ಇಲ್ಲ, ನಾನು ಕನ್ನಡ ಮಾತಾಡ್ತೀನಿ’ ಅಂತ ಜೋರಾಗಿ ಹೇಳಿ. (ಇದು ರೆಕಾರ್ಡಿನ ವಾಕ್ಯ ಅಂತಲ್ಲ, ನಮ್ಮ ಉದಾಹರಣೆ.) ‘ಇಲ್ಲ’ದಲ್ಲಿ ಒತ್ತಕ್ಷರದ ಹತ್ತಿರ ನಾಲಿಗೆ ಒಂದು ಕ್ಷಣ ನಿಂತು ಹೋಗುತ್ತೆ. ‘ಕನ್ನಡ’ದಲ್ಲೂ ಹಾಗೇ: ಕನ್ ಅಂತ ತಡೆದು, ನಡ ಅಂತ ಬಿಡ್ತೀವಿ. ಛಂದಸ್ಸು ಓದಿದೋರು ಗುರು, ಲಘು, ಲಘು ಅಂತಾರೆ. ‘ಮಾತಾಡ್ತೀನಿ’ಯಲ್ಲಿ ಬರೋ ಆ ‘ಡ್ತೀ’ ಪುಸ್ತಕದ ಕನ್ನಡದಲ್ಲಿ ಇಲ್ಲವೇ ಇಲ್ಲ, ಬಾಯಿಮಾತಿನಲ್ಲಿ ಮಾತ್ರ. ಈ ತಡೆ ಮತ್ತು ಬಿಡುಗಡೆ ಸ್ಯಾಕ್ಸೊಫೋನಿಗೆ ಹೇಳಿ ಮಾಡಿಸಿದ್ದು, ಯಾಕೆಂದರೆ ಅಲ್ಲೂ ಸ್ವರ ಕತ್ತರಿಸೋದು ನಾಲಿಗೆಯೇ. ಕನ್ನಡ ಕಲೀತಾ ಇರೋರಿಗೆ ಒತ್ತಕ್ಷರ ಕಷ್ಟ ಅಲ್ವಾ? ಅದನ್ನ ಅಕ್ಷರ ಅಂದ್ಕೊಳ್ಳಬೇಡಿ, ತಾಳ ಅಂದ್ಕೊಳ್ಳಿ.

ಇನ್ನು ತಕರಾರು. ಮದರ್ ಟಂಗ್‌ನ ಐಡಿಯಾ ಎಷ್ಟು ಚೆನ್ನಾಗಿದೆಯೋ ಅದು ರೆಕಾರ್ಡಿನಲ್ಲಿ ಅಷ್ಟು ಹೊತ್ತು ನಿಲ್ಲೋದಿಲ್ಲ. ಮಾತಿನಿಂದ ಬಂದ ಸಾಲು ಶುರುವಿನಲ್ಲಿ ಬರುತ್ತೆ, ಪಿಯಾನೊ, ಸ್ಯಾಕ್ಸು ಅದನ್ನು ಗಟ್ಟಿಯಾಗಿ ಹಿಡೀತಾವೆ, ಆಮೇಲೆ ಸೋಲೊ ಶುರುವಾದರೆ ವಾಕ್ಯ ಕರಗಿ ಹೋಗುತ್ತೆ. ಉಳಿಯೋದು ಈ ನಾಲ್ವರ ಬಿಗಿಯಾದ, ಉಸಿರು ಬಿಡೋಕೂ ಜಾಗ ಕೊಡದ ಶೈಲಿ. ಕಣ್ಣು ಮುಚ್ಚಿ ಕೇಳಿಸಿ, ‘ಕನ್ನಡ’ ಯಾವುದು ‘ಗುಜರಾತಿ’ ಯಾವುದು ಅಂತ ಕೇಳಿದರೆ ನಾನಂತೂ ಪಂದ್ಯ ಕಟ್ಟಲ್ಲ. ‘ಇಂಡಿಯನ್ ಅಂತ ಒಂದು ಭಾಷೆ ಇಲ್ಲ ಸ್ವಾಮಿ’ ಅಂತ ವಾದಿಸೋಕೆ ಹುಟ್ಟಿದ ರೆಕಾರ್ಡು, ಕೊನೆಗೆ ಎಲ್ಲಾ ಭಾಷೆಗೂ ಒಂದೇ ದನಿ ಕೊಟ್ಟುಬಿಟ್ಟಿದೆ. ಅದು ರುದ್ರೇಶ್ ಅವರದೇ ದನಿ, ತುಂಬಾ ಒಳ್ಳೇ ದನಿ, ಆದರೆ ಒಂದೇ.

ಆದರೂ ಇಟ್ಟುಕೊಂಡಿದ್ದೀನಿ. ಕಾರಣ ‘ಕನ್ನಡ’ ಅಲ್ಲ. ಆ ಪಟ್ಟಿಯಲ್ಲಿ ‘ಇಂಗ್ಲಿಷ್’ ಅಂತಲೂ ಒಂದು ಟ್ರ್ಯಾಕ್ ಇದೆ. ತಾಯ್ನುಡಿ ಅನ್ನೋ ಹೆಸರಿನಡಿ, ಕೊಂಕಣಿ ಮಲಯಾಳಂಗಳ ಸಾಲಿನಲ್ಲಿ, ಕ್ಷಮೆ ಕೇಳದೇ ಇಂಗ್ಲಿಷ್ ಕೂತಿದೆ. ಪ್ಲೇನೋ, ಶುಗರ್ ಲ್ಯಾಂಡ್, ಸೀಡರ್ ಪಾರ್ಕಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ‘ನಿಮ್ಮ ತಾಯ್ನುಡಿ ಯಾವುದು’ ಅಂತ ಕನ್ನಡ ಸಂಘದ ಫಾರಂನಲ್ಲಿ ಕೇಳಿದರೆ ಪೆನ್ನು ಒಂದು ಸೆಕೆಂಡ್ ನಿಲ್ಲುತ್ತಲ್ಲ, ಆ ಒಂದು ಸೆಕೆಂಡಿನ ಬಗ್ಗೆ ಇಷ್ಟು ಪ್ರಾಮಾಣಿಕವಾಗಿರೋ ಬೇರೆ ರೆಕಾರ್ಡು ನನ್ನ ಹತ್ತಿರ ಇಲ್ಲ.

ರುದ್ರೇಶ್‌ಗೂ ಟೆಕ್ಸಸ್ಸಿಗೂ ಒಂದು ಸಣ್ಣ ನಂಟಿದೆ. ಬಾಸ್ಟನ್ನಿನ ಬರ್ಕ್ಲಿಗೆ ಹೋಗೋ ಮುಂಚೆ ಅವರು ಸ್ವಲ್ಪ ಕಾಲ ಡ್ಯಾಲಸ್ಸಿನ ಉತ್ತರಕ್ಕಿರೋ ಡೆಂಟನ್ನಿನ ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿದ್ದರು. ಅಮೆರಿಕದಲ್ಲಿ ಜಾಜ್‌ಗೆ ಡಿಗ್ರಿ ಅಂತ ಮೊದಲು ಶುರುಮಾಡಿದ್ದು ಅಲ್ಲೇ, 1947ರಲ್ಲಿ. ಆ ಕಾಲದ ಮರ್ಯಾದೆಗೆ ಅಂಜಿ ‘ಡ್ಯಾನ್ಸ್ ಬ್ಯಾಂಡ್’ ಅಂತ ಹೆಸರಿಟ್ಟಿದ್ದರು. ಕಥೆ ತಿರುಗೋದು ಮಾತ್ರ ಬರ್ಕ್ಲಿ ದಿನಗಳಲ್ಲಿ. ಅಣ್ಣ ತಮಾಷೆಗೆ ಅಂತ ಒಂದು ಆಲ್ಬಂ ಕೊಟ್ಟರಂತೆ: ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’. ಹೆಸರು ನೋಡಿ ನಗು ಬರೋಂಥದ್ದೇ. ಒಳಗಿದ್ದವರು ಕದ್ರಿ ಗೋಪಾಲನಾಥ್.

ಗೋಪಾಲನಾಥರ ಬಗ್ಗೆ ನಿಮಗೆ ಹೆಚ್ಚು ಹೇಳಬೇಕಿಲ್ಲ. ಬಂಟ್ವಾಳದ ಸಜಿಪಮೂಡ, ತಂದೆ ನಾಗಸ್ವರದವರು, ಹುಡುಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಮರುಳಾದ. ಪಶ್ಚಿಮದ ವಾದ್ಯವನ್ನು ಗಮಕಕ್ಕೆ ಒಗ್ಗೋ ಹಾಗೆ ತಿದ್ದಿಕೊಂಡರು. 1980ರ ಬಾಂಬೆ ಜಾಜ್ ಯಾತ್ರಾದಲ್ಲಿ ಜಾನ್ ಹ್ಯಾಂಡಿ ಇವರ ಜೊತೆ ವೇದಿಕೆಯಲ್ಲಿ ನುಡಿಸಿದರು. 2019ರ ಅಕ್ಟೋಬರಿನಲ್ಲಿ ತೀರಿಕೊಂಡರು.

ರುದ್ರೇಶ್ ಆಮೇಲೆ ಅವರನ್ನು ಹುಡುಕಿಕೊಂಡು ಹೋದರು. ಅದರ ಫಲ 2008ರ ‘ಕಿನ್ಸ್‌ಮನ್’, ಅಂದರೆ ನೆಂಟರು, ಬಂಧುಗಳು. ಎರಡು ಆಲ್ಟೋ ಸ್ಯಾಕ್ಸೊಫೋನ್, ಎ. ಕನ್ಯಾಕುಮಾರಿಯವರ ಪಿಟೀಲು, ರೆಜ್ ಅಬ್ಬಾಸಿಯವರ ಗಿಟಾರ್, ಬಾಸ್, ಡ್ರಮ್ಸ್. ಮೃದಂಗ ಪೂವಲೂರ್ ಶ್ರೀಜಿ ಅವರದು. ಅವರು ಪಾಠ ಹೇಳಿದ್ದು ಅದೇ ಡೆಂಟನ್ನಿನ ವಿಶ್ವವಿದ್ಯಾಲಯದಲ್ಲಿ! ಟೆಕ್ಸಸ್ ಶೆಲ್ಫಿಗೂ ಸೇರಿಸಬಹುದು, ಕರಾವಳಿ ಶೆಲ್ಫಿಗೂ ಸೇರಿಸಬಹುದು.

ಒಂದನ್ನೇ ಕೊಳ್ಳೋ ದುಡ್ಡಿದ್ದರೆ ಇದನ್ನು ಕೊಳ್ಳಿ. ಮದರ್ ಟಂಗ್‌ನಲ್ಲಿ ಇಲ್ಲದ್ದು ಇಲ್ಲಿದೆ: ಎರಡು ನಾಲಿಗೆಗಳ ವ್ಯತ್ಯಾಸ. ಅದೇ ವಾದ್ಯ, ಅದೇ ಹಿತ್ತಾಳೆ, ಆದರೆ ಗೋಪಾಲನಾಥರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾ ಹೋಗ್ತಾರೆ, ರುದ್ರೇಶ್ ಜಿಗೀತಾರೆ. ಒಬ್ಬರ ದನಿ ಎಣ್ಣೆ ಹಚ್ಚಿದ ಹಾಗೆ, ಇನ್ನೊಬ್ಬರದು ಸಾಣೆ ಹಿಡಿದ ಹಾಗೆ. ‘ಗಣೇಶ’ದಲ್ಲಿ, ‘ಕಲ್ಯಾಣಿ’ಯಲ್ಲಿ ಹೆಸರು ನೋಡದೇನೂ ಯಾರು ಯಾರು ಅಂತ ಹೇಳಿಬಿಡಬಹುದು. ರುದ್ರೇಶ್ ಇಲ್ಲಿ ಗೋಪಾಲನಾಥರ ಹಾಗೆ ನುಡಿಸೋಕೆ ಪ್ರಯತ್ನಪಡೋದಿಲ್ಲ ಅನ್ನೋದು ನನಗೆ ಬಹಳ ಇಷ್ಟ. ರಜೆಗೆ ಮಂಗಳೂರಿಗೆ ಹೋದ ಮೊಮ್ಮಗ ಎರಡೇ ದಿನದಲ್ಲಿ ಅಜ್ಜನ ಉಚ್ಚಾರ ಅನುಕರಿಸೋದಲ್ಲ ಇದು. ತನ್ನ ಉಚ್ಚಾರದಲ್ಲೇ ಅಜ್ಜನ ಜೊತೆ ಮಾತಿಗೆ ಕೂರೋದು. ಡ್ರಮ್ಸು ಮೃದಂಗ ಒಟ್ಟಿಗೆ ಬಂದಾಗ ಅಲ್ಲಲ್ಲಿ ಸ್ವಲ್ಪ ಗದ್ದಲ ಆಗುತ್ತೆ, ಅದನ್ನು ಬಿಟ್ಟರೆ ನನ್ನದೇನೂ ದೂರಿಲ್ಲ.

ಎಲ್‌ಪಿಯೇ ಬೇಕು, ಸಿ.ಡಿ. ಮುಟ್ಟಲ್ಲ ಅನ್ನೋ ಹಠದವರಿಗೆ ಈ ಎರಡೂ ಕಷ್ಟ. ಇವು ಸಿ.ಡಿ. ಕಾಲದಲ್ಲಿ ಬಂದವು. ನಾನು ಹೇಳೋದು, ಹಠ ಬಿಡಿ. ಎಲ್‌ಪಿಗಳ ಬೆಲೆ ಏರಿದಷ್ಟೂ ಹಳೇ ಸಿ.ಡಿ.ಗಳು ಅಂಗಡಿಯ ಮೂಲೆಗೆ ಹೋಗಿವೆ, ಒಂದು ಹೊಸ ಎಲ್‌ಪಿಯ ದುಡ್ಡಿನಲ್ಲಿ ನಾಲ್ಕೈದು ಸಿ.ಡಿ. ಬರುತ್ತೆ. ಒಳಗಿನ ಪುಸ್ತಿಕೆ ಇದೆಯಾ, ತಟ್ಟೆ ಮೇಲೆ ಆಳವಾದ ಗೀರಿದೆಯಾ ಅಷ್ಟು ನೋಡಿ ಸಾಕು. ಡಬ್ಬಿ ಒಡೆದಿದ್ದರೆ ಚಿಂತೆಯಿಲ್ಲ. ಕೆನಿ ಡಾರಮ್ಮಿನ ಮೂಲ ಮುದ್ರಣಕ್ಕೆ ನೂರಾರು ಡಾಲರ್ ಸುರಿಯೋ ಬದಲು ಬ್ಲೂ ನೋಟ್‌ನವರ ಹೊಸ ಮರುಮುದ್ರಣ ಕೊಂಡು, ಮಿಕ್ಕಿದ್ದರಲ್ಲಿ ಒಂದು ಚೀಲ ಸಿ.ಡಿ. ತರೋ ಮನುಷ್ಯ ನಾನು. ಕವರ್ ಮೂಸಿ ನೋಡಿ ಮೊದಲ ಮುದ್ರಣವಾ ಅಂತ ಹೇಳೋ ಪಂಡಿತರ ಜೊತೆ ಜಗಳ ಇಲ್ಲ, ಅವರ ಸಂತೋಷ ಬೇರೆ.

ಎಲ್‌ಪಿಯಲ್ಲೇ ಸಿಗೋ ಕನ್ನಡನಾಡಿನ ಜಾಜ್ ಒಂದಿದೆ, ಅದು ನನ್ನ ಮಟ್ಟಿಗೆ ಈ ಮೂರರಲ್ಲಿ ಅತ್ಯುತ್ತಮ. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ ಹೊರತಂದ ‘ಜ್ಯೋತಿ’. ಚಾರ್ಲಿ ಮೇರಿಯಾನೊ ಬಾಸ್ಟನ್ನಿನವರು, ಚಾರ್ಲ್ಸ್ ಮಿಂಗಸ್ಸಿನ 1963ರ ‘ದ ಬ್ಲ್ಯಾಕ್ ಸೇಂಟ್ ಆ್ಯಂಡ್ ದ ಸಿನ್ನರ್ ಲೇಡಿ’ಯಲ್ಲಿ ಆಲ್ಟೋ ನುಡಿಸಿದವರು. ಆಮೇಲೆ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತರು. ಜ್ಯೋತಿಯಲ್ಲಿ ಅವರ ಜೊತೆಗಿರೋದು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಟಿ.ಎ.ಎಸ್. ಮಣಿಯವರು 1964ರಲ್ಲಿ ಕಟ್ಟಿದ ಸಂಸ್ಥೆ. ಅವರ ಮೃದಂಗ, ಆರ್.ಎ. ರಾಜಗೋಪಾಲ್ ಘಟ, ಟಿ.ಎನ್. ಶಶಿಕುಮಾರ್ ಖಂಜಿರ, ಗಾಯನ ಆರ್.ಎ. ರಮಾಮಣಿ.

ಈ ರೆಕಾರ್ಡಿನ ಯಜಮಾನಿಕೆ ರಮಾಮಣಿಯವರದು. ಕವರ್ ಮೇಲೆ ಮೇರಿಯಾನೊ ಹೆಸರು ಮೊದಲಿದ್ದರೂ, ಸೂಜಿ ಇಟ್ಟರೆ ಮೊದಲು ಬರೋದು ಅವರೊಬ್ಬರ ಕಂಠ, ಪಕ್ಕವಾದ್ಯ ಏನೂ ಇಲ್ಲದೇ. ಪಶ್ಚಿಮದ ಸೋಲೋಗಾರ ಮುಂದೆ, ಇಂಡಿಯಾದೋರು ಹಿಂದೆ ತಾಳ ಹಾಕ್ತಾ ಕೂರೋ ಎಷ್ಟೋ ರೆಕಾರ್ಡುಗಳಿವೆ. ಇಲ್ಲಿ ಮೇರಿಯಾನೊ ಕಾಯ್ತಾರೆ. ಅವಸರ ಇಲ್ಲ, ತಮಗೆ ಗೊತ್ತಿರೋದನ್ನೆಲ್ಲ ತೋರಿಸಿಬಿಡಬೇಕು ಅನ್ನೋ ಹಂಬಲ ಇಲ್ಲ. ಹೆಸರಿಗೆ ಕನ್ನಡ ಎಲ್ಲೂ ಇಲ್ಲ. ಆದರೆ ಸಂಜೆ ಹೊತ್ತು ಬಸವನಗುಡಿಯ ಯಾವುದೋ ಮನೆಯಿಂದ ಸಂಗೀತ ಪಾಠ ರಸ್ತೆಗೆ ಕೇಳಿಸ್ತಿತ್ತಲ್ಲ, ಆ ಮನೆಯೊಳಗೆ ಒಬ್ಬ ಅಮೆರಿಕನ್ ಚಪ್ಪಲಿ ಬಿಟ್ಟು ಬಂದು ಚಾಪೆ ಮೇಲೆ ಕೂತ ಹಾಗೆ ಕೇಳುತ್ತೆ. ಮದರ್ ಟಂಗ್‌ಗೆ ಕೇಳಿದ ಅದೇ ಪ್ರಶ್ನೆ ಇದಕ್ಕೂ ಕೇಳಿದರೆ, ಊರು ಇಲ್ಲಿ ಉಸಿರಿನಲ್ಲೇ ಇದೆ.

ಹುಡುಕೋದು ಎಲ್ಲಿ? ಇದೇ ದೊಡ್ಡ ತಲೆನೋವು. ಅಂಗಡಿಯೋರಿಗೆ ಇವನ್ನು ಎಲ್ಲಿ ಇಡಬೇಕು ಅಂತ ಗೊತ್ತಾಗಲ್ಲ. ಕಿನ್ಸ್‌ಮನ್ ಜಾಜ್ ಸಾಲಿನಲ್ಲಿರುತ್ತೆ. ಗೋಪಾಲನಾಥರ ಸ್ವಂತ ಆಲ್ಬಂಗಳು ‘ವರ್ಲ್ಡ್’ ಅನ್ನೋ ಡಬ್ಬದಲ್ಲಿ, ಸೆಲ್ಟಿಕ್ ಹಾರ್ಪಿನ ಪಕ್ಕ. ಜ್ಯೋತಿ ಎರಡರಲ್ಲಿ ಯಾವುದರಲ್ಲಾದರೂ ಇರಬಹುದು, ಮೂರನೆಯದಾಗಿ ‘ನ್ಯೂ ಏಜ್’ನಲ್ಲಿ ಇದ್ದರೂ ಆಶ್ಚರ್ಯಪಡಬೇಡಿ. ಆಸ್ಟಿನ್ನಿನ ವಾಟರ್‌ಲೂ ರೆಕಾರ್ಡ್ಸ್ ಶುರುವಾಗಿದ್ದು 1982ರಲ್ಲಿ. ಅವರು ವರ್ಷಗಟ್ಟಲೆ ಪಾಲಿಸಿದ ಪದ್ಧತಿ ನನಗೆ ಬಹಳ ಹಿಡಿಸುತ್ತೆ: ರಾಕ್, ಜಾಜ್, ಕಂಟ್ರಿ ಅಂತ ಬೇರೆ ಮಾಡದೇ ಎಲ್ಲಾ ಕಲಾವಿದರನ್ನೂ ಅಕ್ಷರಮಾಲೆ ಪ್ರಕಾರ ಒಂದೇ ಸಾಲಿನಲ್ಲಿ ಇಡೋದು. ಡೆಂಟನ್ನಿನ ಚೌಕದಲ್ಲಿ, ಹಳೇ ಆಪೆರಾ ಹೌಸ್ ಕಟ್ಟಡದಲ್ಲಿರೋ ರಿಸೈಕಲ್ಡ್ ಬುಕ್ಸ್‌ಗೂ ಒಮ್ಮೆ ಹೋಗಿ. ಸಂಗೀತದ ವಿದ್ಯಾರ್ಥಿಗಳು ಓದು ಮುಗಿಸಿ ಊರು ಬಿಡುವಾಗ ಮಾರಿ ಹೋಗೋ ಸರಕಿನಲ್ಲಿ ಏನು ಬೇಕಾದರೂ ಸಿಗಬಹುದು. ಹ್ಯೂಸ್ಟನ್ನಿನಲ್ಲಿ ಕ್ಯಾಕ್ಟಸ್ ಮ್ಯೂಸಿಕ್ ಇದೆ. 1975ರ ಅಂಗಡಿ, 2006ರಲ್ಲಿ ಬಾಗಿಲು ಹಾಕಿ ಮರುವರ್ಷ ಮತ್ತೆ ತೆಗೆದರು.

ಇಸಿಎಂನ ಎಂಬತ್ತರ ದಶಕದ ಎಲ್‌ಪಿಗಳು ಬ್ಲೂ ನೋಟ್ ಮೊದಲ ಮುದ್ರಣದಷ್ಟು ದುಬಾರಿ ಅಲ್ಲ. ಆದರೆ ಜ್ಯೋತಿ ತುಂಬಾ ಮೆಲುದನಿಯ ರೆಕಾರ್ಡು. ಬಿಗ್ ಬ್ಯಾಂಡ್ ರೆಕಾರ್ಡಿನಲ್ಲಿ ಮುಚ್ಚಿಹೋಗೋ ಚಟಪಟ ಸದ್ದು ಇಲ್ಲಿ ಒಗ್ಗರಣೆ ಸಿಡಿದ ಹಾಗೆ ಕೇಳಿಸುತ್ತೆ. ಹಾಗಾಗಿ ತಟ್ಟೆಯನ್ನು ಕವರಿನಿಂದ ತೆಗೆದು ಬೆಳಕಿಗೆ ವಾರೆಯಾಗಿ ಹಿಡಿದು ನೋಡಿ, ಅಂಗಡಿಯಲ್ಲಿ ಹಾಕಿ ಕೇಳಿಸ್ತಾರಾ ಕೇಳಿ. ಸಂಶಯ ಇದ್ದರೆ ಸಿ.ಡಿ.ಯೇ ಸರಿ. ಕೊಂಡ ಮೇಲೆ ಇನ್ನೊಂದು ಮಾತು: ಆಗಸ್ಟಿನಲ್ಲಿ ಹ್ಯೂಸ್ಟನ್ನಿನಿಂದ ಡ್ಯಾಲಸ್ಸಿಗೆ ಬರ್ತಾ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದರೆ ಎಲ್‌ಪಿ ಚೀಲಾನ ಕಾರಿನಲ್ಲಿ ಬಿಡಬೇಡಿ, ಜೊತೆಗೇ ಒಳಗೆ ತಗೊಂಡು ಹೋಗಿ. ಜನ ನೋಡ್ತಾರೆ, ನೋಡಲಿ. ಟೆಕ್ಸಸ್ ಬಿಸಿಲಿಗೆ ವಿನೈಲು ಹಪ್ಪಳದ ಹಾಗೆ ಸೊಟ್ಟಗಾಗೋಕೆ ಒಂದು ದೋಸೆ ತಿನ್ನೋಷ್ಟು ಹೊತ್ತು ಸಾಕು.

ನಮ್ಮನೇಲಿ ನಾನೂ ಈಗ ವಾಟರ್‌ಲೂ ಪದ್ಧತಿಯೇ ಹಿಡಿದಿದ್ದೀನಿ, ಟೆಕ್ಸಸ್ ಶೆಲ್ಫು ಕನ್ನಡ ಶೆಲ್ಫು ಅಂತ ಇಟ್ಟಿದ್ದನ್ನು ತೆಗೆದುಬಿಟ್ಟೆ. ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಮಹಾಂತಪ್ಪ ಮತ್ತು ಮೇರಿಯಾನೊ ಹೆಚ್ಚು ಕಡಿಮೆ ಅಕ್ಕಪಕ್ಕ ಬರ್ತಾರೆ, ಮಧ್ಯೆ ಹರ್ಬಿ ಮ್ಯಾನ್ ಒಬ್ಬರು ಕೊಳಲು ಹಿಡಿದು ಕೂತಿದ್ದಾರೆ. ಗೋಪಾಲನಾಥರು ಅಮೆರಿಕದ ಕೊಳಲುಗಾರ ಜೇಮ್ಸ್ ನ್ಯೂಟನ್ ಜೊತೆ ಮಾಡಿದ ‘ಸದರ್ನ್ ಬ್ರದರ್ಸ್’ ಇನ್ನೂ ನನಗೆ ಸಿಕ್ಕಿಲ್ಲ. ಯಾರ ಕಣ್ಣಿಗಾದರೂ ಬಿದ್ದರೆ ಹೇಳಿ, ‘ವರ್ಲ್ಡ್’ ಡಬ್ಬದಲ್ಲೂ ಒಮ್ಮೆ ಕೈಯಾಡಿಸಿ.